ಹಾಸ್ಟೆಲ್‌ನಲ್ಲಿ ಮಗುವಿಗೆ ಅನ್ಯಾಯವಾದರೆ: ಮಗುವಿನ ಪರ ವಕೀಲರನ್ನು ಪಡೆಯುವುದು ಹೇಗೆ, ಅವರಿಂದ ಏನೇನು ಮಾಡಿಸಿಕೊಳ್ಳಬೇಕು?

ಹಬ್ಬದ ರಜೆಗೆ ಬಂದ ಮಗು ಹಾಸ್ಟೆಲ್ಲಿಗೆ ಮರಳುವ ದಿನ "ನಾ ಒಲ್ಲೆ, ಅಲ್ಲಿಗೆ ಹೋಗೂದಿಲ್ಲ" ಎಂದು ಹಟ ಹಿಡಿಯುತ್ತದೆ. ಎಷ್ಟೋ ಸಲ ಊಟ ಸೇರದ್ದು, ಅವ್ವನ ನೆನಪು, ಪರೀಕ್ಷೆಯ ಅಂಜಿಕೆ ಇದಕ್ಕೆ ಕಾರಣವಾಗಿರುತ್ತವೆ. ಕೆಲವು ಸಲ ಕಾರಣ ಬೇರೆಯೇ ಇರುತ್ತದೆ, ಅದನ್ನು ಹೇಳಲು ಮಗುವಿಗೆ ಮಾತು ಸಿಗುವುದಿಲ್ಲ.

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಹೊಲಗಳ ಊರುಗಳಲ್ಲಿ, ಕಲಘಟಗಿಯ ತಾಂಡಾಗಳಲ್ಲಿ ಬಡವರ ಮಕ್ಕಳ ಓದು ನಿಂತಿರುವುದೇ ಹಾಸ್ಟೆಲ್‌ಗಳ ಮೇಲೆ. ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಯ ನಿಲಯಗಳು, ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಕಸ್ತೂರಬಾ ಬಾಲಿಕಾ ವಿದ್ಯಾಲಯಗಳು, ಮಠಗಳ ಪ್ರಸಾದ ನಿಲಯಗಳು, ಖಾಸಗಿ ಸಂಸ್ಥೆಗಳ ವಸತಿಗೃಹಗಳು ಈ ಭಾಗದ ಲಕ್ಷಾಂತರ ಮಕ್ಕಳನ್ನು ಓದಿಸಿವೆ. ಮಗುವಿಗೆ ಅಲ್ಲಿ ಕೆಟ್ಟದ್ದು ನಡೆದಾಗ ಬಾಯಿ ಕಟ್ಟುವುದೂ ಇದೇ ಉಪಕಾರ. ಊಟ ಅವರದು, ಹಾಸಿಗೆ ಅವರದು, ನಾಳೆ ಕೊಡಬೇಕಾದ ಟಿ.ಸಿ., ಮಾರ್ಕ್ಸ್ ಕಾರ್ಡ್ ಕೂಡ ಅವರ ಕೈಯಲ್ಲೇ. ಎದುರಿಗೆ ನಿಲ್ಲುವವನು ಒಬ್ಬ ಮನುಷ್ಯನಾದರೂ ಅವನ ಹಿಂದೆ ಒಂದು ಸಂಸ್ಥೆ, ಅದರ ಆಡಳಿತ ಮಂಡಳಿ, ಊರಿನ ಗೌರವ ನಿಂತಿರುತ್ತವೆ.

ಹೀಗಾಗಿ ಇಂಥ ಪ್ರಕರಣದಲ್ಲಿ ಕುಟುಂಬಕ್ಕೆ ತನ್ನದೇ ಆದ ವಕೀಲರು ಬೇಕು. ಅವರನ್ನು ಉಚಿತವಾಗಿ ಪಡೆಯುವ ಹಕ್ಕು ಮಗುವಿಗಿದೆ. ವಕೀಲರು ಎಷ್ಟು ಬೇಗ ಬರುತ್ತಾರೋ ಪ್ರಕರಣ ಅಷ್ಟು ಗಟ್ಟಿಯಾಗುತ್ತದೆ.

ಸರ್ಕಾರಿ ವಕೀಲರಿದ್ದಾರಲ್ಲ, ಇನ್ನೊಬ್ಬರು ಯಾಕೆ?

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಂದು ಜಾರಿಗೆ ಬಂತು. ಅದರಡಿ ಕೇಸನ್ನು ನಡೆಸುವವರು ವಿಶೇಷ ಸರ್ಕಾರಿ ಅಭಿಯೋಜಕರು. ಅವರು ಸರ್ಕಾರದ ಪರ. ಅವರ ಮುಂದೆ ದಿನಕ್ಕೆ ಹತ್ತಾರು ಕಡತಗಳಿರುತ್ತವೆ. ಬಹಳಷ್ಟು ಸಲ ಅವರು ಮಗುವಿನ ಮುಖ ನೋಡುವುದೇ ಸಾಕ್ಷಿ ಹೇಳುವ ದಿನ.

ಮಗುವಿನ ಪರ ವಕೀಲರ ಕೆಲಸ ಬೇರೆ. ಎಫ್‌ಐಆರ್‌ನಲ್ಲಿ ಸರಿಯಾದ ಕಲಂ ಹಾಕಿದ್ದಾರೆಯೇ ಎಂದು ನೋಡುವುದು, ಹೇಳಿಕೆ ದಾಖಲಾಗುವ ಮುನ್ನ ಮಗುವಿಗೆ ಧೈರ್ಯ ಹೇಳುವುದು, ಜಾಮೀನು ಅರ್ಜಿಗೆ ತಕರಾರು ಹಾಕುವುದು, ಪರಿಹಾರಕ್ಕೆ ಅರ್ಜಿ ಕೊಡುವುದು, ಸಂಸ್ಥೆಯ ಒತ್ತಡ ಬಂದಾಗ ಅಡ್ಡ ನಿಲ್ಲುವುದು ಇವೆಲ್ಲ ಅವರ ಪಾಲಿನವು. ಪೋಕ್ಸೊ ಕಾಯ್ದೆಯ 40ನೇ ಕಲಂ ಈ ಹಕ್ಕನ್ನು ನೇರವಾಗಿ ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ನೊಂದವರ ವಕೀಲರು ಅಭಿಯೋಜಕರಿಗೆ ನೆರವಾಗಲು ಅವಕಾಶ ನೀಡುತ್ತದೆ; ಕೋರ್ಟಿನ ಅನುಮತಿ ಪಡೆದು ಅವರು ಲಿಖಿತ ವಾದ ಸಲ್ಲಿಸಬಹುದು. ತನಿಖೆಯಿಂದ ಮೇಲ್ಮನವಿಯವರೆಗೆ ಪ್ರತಿ ಹಂತದಲ್ಲೂ ನೊಂದವರ ಮಾತು ಕೇಳಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಲಖೀಂಪುರ ಖೇರಿ ಪ್ರಕರಣದಲ್ಲಿ ಹೇಳಿದೆ.

ಒಬ್ಬ ವಕೀಲರು ಪಟ್ಟು ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಮುಂಬೈ ಕೊಲಾಬಾದ ಆಂಕರೇಜ್ ಆಶ್ರಯಧಾಮಗಳ ಪ್ರಕರಣ ಉದಾಹರಣೆ. ಬೀದಿ ಮಕ್ಕಳಿಗಾಗಿ ಬ್ರಿಟಿಷ್ ಪ್ರಜೆಗಳು ನಡೆಸುತ್ತಿದ್ದ ಆ ಧಾಮಗಳಲ್ಲಿ ಹುಡುಗರ ಮೇಲೆ ದೌರ್ಜನ್ಯ ನಡೆದಿತ್ತು. ವಕೀಲೆ ಮಹರುಖ್ ಅದೆನವಾಲಾ ಮಕ್ಕಳ ಪರ ನಿಂತರು. 2006ರಲ್ಲಿ ಕೆಳ ನ್ಯಾಯಾಲಯ ಶಿಕ್ಷೆ ಕೊಟ್ಟಿತು, 2008ರಲ್ಲಿ ಹೈಕೋರ್ಟ್ ಬಿಡುಗಡೆ ಮಾಡಿತು, 2011ರ ಮಾರ್ಚ್ 18ರಂದು ಸುಪ್ರೀಂ ಕೋರ್ಟ್ ಮತ್ತೆ ಶಿಕ್ಷೆ ಎತ್ತಿಹಿಡಿಯಿತು. ಆಗ ಪೋಕ್ಸೊ ಕಾಯ್ದೆಯೇ ಇರಲಿಲ್ಲ. ನಡುವೆ ಯಾರಾದರೂ ಕೈಚೆಲ್ಲಿದ್ದರೆ ಕೇಸು 2008ರಲ್ಲೇ ಮುಗಿಯುತ್ತಿತ್ತು.

ವಕೀಲರು ಎಲ್ಲಿ ಸಿಗುತ್ತಾರೆ?

1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಕ್ಕಳು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಉಚಿತ ವಕೀಲರು ಸಿಗುತ್ತಾರೆ. ಇವರಿಗೆ ಆದಾಯದ ಮಿತಿಯಿಲ್ಲ, ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಅಲೆಯಬೇಕಿಲ್ಲ.

ನವಲಗುಂದ, ಕುಂದಗೋಳ, ಕಲಘಟಗಿಯವರು ಅಲ್ಲಿನ ಕೋರ್ಟ್ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. ಅಣ್ಣಿಗೇರಿಯವರೂ ಉಳಿದವರೂ ಧಾರವಾಡದ ಜಿಲ್ಲಾ ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನೇರವಾಗಿ ಹೋಗಬಹುದು. ಒಂದು ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದ ಅರ್ಜಿ ಸಾಕು. ಹೋಗಲಾಗದಿದ್ದರೆ 15100ಕ್ಕೆ ಕರೆ ಮಾಡಿ. ಪೋಕ್ಸೊ ಪ್ರಕರಣ ನಡೆಸಿ ಅನುಭವವಿರುವ ಪ್ಯಾನಲ್ ವಕೀಲರೇ ಬೇಕು, ಸಾಧ್ಯವಾದರೆ ಮಹಿಳಾ ವಕೀಲರು ಬೇಕು ಎಂದು ಅರ್ಜಿಯಲ್ಲೇ ಬರೆಯಿರಿ. ಪ್ರಕರಣದ ವಿಚಾರಣೆ ತಾಲೂಕು ಕೋರ್ಟಿನಲ್ಲಿ ನಡೆಯುವುದಿಲ್ಲ, ಜಿಲ್ಲಾ ಮಟ್ಟದ ವಿಶೇಷ ನ್ಯಾಯಾಲಯದಲ್ಲಿ ನಡೆಯುತ್ತದೆ. ಹಾಗಾಗಿ ಆ ನ್ಯಾಯಾಲಯದಲ್ಲಿ ದಿನವೂ ಓಡಾಡುವ ವಕೀಲರಾದರೆ ಒಳ್ಳೆಯದು.

ಖಾಸಗಿ ವಕೀಲರನ್ನು ಹಿಡಿಯುವುದಾದರೆ ಮೊದಲು ಒಂದು ಮಾತು ಕೇಳಿ: ಆ ಸಂಸ್ಥೆಯ ಜಮೀನು, ಬ್ಯಾಂಕು ಅಥವಾ ನೌಕರರ ಯಾವುದಾದರೂ ಕೇಸನ್ನು ಅವರು ನಡೆಸುತ್ತಿದ್ದಾರೆಯೇ? ಸಣ್ಣ ಊರುಗಳಲ್ಲಿ ಇದು ಅಪರೂಪವಲ್ಲ. ಹೌದೆಂದಾದರೆ ಬೇರೆಯವರನ್ನು ನೋಡಿ.

ಮೊದಲ 24 ಗಂಟೆ

ಮಗು ಬಾಯಿಬಿಟ್ಟಾಗ ಕೇಳಿಸಿಕೊಳ್ಳಿ, ಪಾಟಿ ಸವಾಲು ಮಾಡಬೇಡಿ. "ಅವತ್ತೇ ಯಾಕ ಹೇಳ್ಲಿಲ್ಲ?" ಎಂಬ ಪ್ರಶ್ನೆ ಮಗುವಿನ ಬಾಯಿ ಮುಚ್ಚಿಸುತ್ತದೆ. ಹೇಳಿದ್ದನ್ನು ಅದರ ಮಾತಿನಲ್ಲೇ, ದಿನಾಂಕ ಹಾಕಿ ಬರೆದಿಡಿ. ಮೊಬೈಲ್‌ನಲ್ಲಿ ವಿಡಿಯೊ ಮಾಡಿ ನೆಂಟರಿಗೆ ಕಳಿಸಬೇಡಿ. ಮಗುವಿನ ಗುರುತು ಬಯಲು ಮಾಡುವುದು ಪೋಕ್ಸೊ ಕಾಯ್ದೆಯಡಿ ಅಪರಾಧ, ಮುಂದೆ ಅದೇ ವಿಡಿಯೊವನ್ನು ಎದುರಾಳಿ ವಕೀಲರು ಮಗುವಿನ ಹೇಳಿಕೆ ಒಡೆಯಲು ಬಳಸುತ್ತಾರೆ.

ಘಟನೆ ಇತ್ತೀಚಿನದಾದರೆ ಸ್ನಾನ ಮಾಡಿಸಬೇಡಿ. ಬಟ್ಟೆ ತೊಳೆಯದೆ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಅದು ಬೆವರಿ ಕೆಡುತ್ತದೆ. ಎಫ್‌ಐಆರ್ ಆಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ಧಾರವಾಡದ ಜಿಲ್ಲಾ ಆಸ್ಪತ್ರೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಮಾತ್ರವಲ್ಲ, ಖಾಸಗಿ ಆಸ್ಪತ್ರೆಯೂ ಹಣ ಕೇಳದೆ ಪ್ರಥಮ ಚಿಕಿತ್ಸೆ ಕೊಡಲೇಬೇಕು. ಹುಡುಗಿಯನ್ನು ಮಹಿಳಾ ವೈದ್ಯರೇ, ತಂದೆ ತಾಯಿ ಅಥವಾ ಮಗು ನಂಬುವವರ ಎದುರಿನಲ್ಲಿ ಪರೀಕ್ಷಿಸಬೇಕು. ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ ನಿಷೇಧಿಸಿದೆ. ಮೂರು ದಿನದೊಳಗೆ ಹೋದರೆ ಸಾಕ್ಷ್ಯ ಸಿಗುವ ಸಾಧ್ಯತೆ ಹೆಚ್ಚು. ತಿಂಗಳುಗಳೇ ಕಳೆದಿದ್ದರೂ ಹೋಗಿ, ಪರೀಕ್ಷೆಯಲ್ಲಿ ಏನೂ ಕಾಣದ ಮಾತ್ರಕ್ಕೆ ಕೇಸು ಬೀಳುವುದಿಲ್ಲ.

ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಮಗುವಿನ ಹಾಸ್ಟೆಲ್ ಬೇರೆ ಜಿಲ್ಲೆಯಲ್ಲಿದ್ದರೂ ನವಲಗುಂದ ಅಥವಾ ಕಲಘಟಗಿ ಠಾಣೆಯವರು ಝೀರೋ ಎಫ್‌ಐಆರ್ ಮಾಡಿ ಅಲ್ಲಿಗೆ ಕಳಿಸಬೇಕು. ಚಿತ್ರದುರ್ಗದ ಮುರುಘಾ ಮಠದ ವಸತಿ ನಿಲಯದ ಬಾಲಕಿಯರು 2022ರ ಆಗಸ್ಟ್‌ನಲ್ಲಿ ಒಡನಾಡಿ ಸಂಸ್ಥೆಯ ನೆರವಿನಿಂದ ದೂರು ಕೊಟ್ಟದ್ದು ಮೈಸೂರಿನ ನಜರ್‌ಬಾದ್ ಠಾಣೆಯಲ್ಲಿ. ಪ್ರಕರಣ ನಂತರ ಚಿತ್ರದುರ್ಗಕ್ಕೆ ಹೋಯಿತು. ದೂರಿನ ಪ್ರತಿ ಉಚಿತ. ಠಾಣೆಯಲ್ಲಿ ದೂರು ಬರೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಪೋಕ್ಸೊ ದೂರು ದಾಖಲಿಸದ ಅಧಿಕಾರಿಗೂ ಶಿಕ್ಷೆಯಿದೆ. ದೂರು ಬಂದ 24 ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು. ಅದಾಗಿದೆಯೇ ಎಂದು ವಕೀಲರಿಂದ ವಿಚಾರಿಸಿ. ಮಧ್ಯರಾತ್ರಿಯಲ್ಲೂ ಸಿಗುವ ಮಕ್ಕಳ ಸಹಾಯವಾಣಿ 1098.

ಹೇಳಿಕೆ: ಮಗುವಿನ ಮಾತು ಮಗುವಿನದ್ದಾಗಿಯೇ ಇರಲಿ

ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಅದು ಬಯಸಿದ ಕಡೆ ಪಡೆಯಬೇಕು; ಸಾಧ್ಯವಾದಷ್ಟು ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಪಡೆಯಬೇಕು. ಹಳ್ಳಿಯಲ್ಲಿ ಮನೆ ಮುಂದೆ ಪೊಲೀಸ್ ಜೀಪು ನಿಂತರೆ ಸಂಜೆಯೊಳಗೆ ಊರಿಗೇ ಗೊತ್ತಾಗುತ್ತದೆ. ಹಾಗಾಗಿ ಬೇರೆ ಊರಿನ ಅತ್ತೆಯ ಮನೆಯನ್ನೋ ಸೋದರಮಾವನ ಮನೆಯನ್ನೋ ವಕೀಲರ ಮೂಲಕ ಮೊದಲೇ ಸೂಚಿಸಿ. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸುವಂತಿಲ್ಲ.

ಮಗು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕೆಂದು ಕಾನೂನಿದೆ. ನಮ್ಮ ಭಾಗದ ಮಗುವಿನ ಮಾತನ್ನು ಠಾಣೆಯ ಪುಸ್ತಕದ ಭಾಷೆಗೆ ತಿದ್ದಿ ಬರೆದರೆ ಮುಂದೆ ಕೋರ್ಟಿನಲ್ಲಿ ಆ ಪದಗಳು ಅದರ ಬಾಯಿಂದ ಬರುವುದಿಲ್ಲ, 'ಹೇಳಿಕೆ ಬದಲಾಯಿತು' ಎಂಬ ಆಕ್ಷೇಪ ಬರುತ್ತದೆ. ಮನೆಯಲ್ಲಿ ಲಂಬಾಣಿ ಆಡುವ ಮಗುವಿಗೆ ದುಭಾಷಿಯನ್ನು ಕೇಳುವ ಹಕ್ಕಿದೆ. ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆಗೆ ಆರೋಪಿಯ ವಕೀಲರು ಇರುವಂತಿಲ್ಲ. ಮಗುವಿಗೆ ಕಲಿಸಿ ಕಳಿಸುವುದು ವಕೀಲರ ಕೆಲಸವಲ್ಲ, ಕಲಿಸಿದ್ದು ಪಾಟಿ ಸವಾಲಿನಲ್ಲಿ ಹೊರಬೀಳುತ್ತದೆ. ಅಲ್ಲಿ ಯಾರಿರುತ್ತಾರೆ, ನೆನಪಿಲ್ಲದ್ದಕ್ಕೆ 'ನೆನಪಿಲ್ಲ' ಎನ್ನಬಹುದು ಎಂಬಷ್ಟನ್ನು ತಿಳಿಸಿದರೆ ಸಾಕು.

ಎಫ್‌ಐಆರ್‌ನಲ್ಲಿ ನೋಡಬೇಕಾದ ಕಲಂಗಳು

ಸಂಸ್ಥೆಯೊಳಗಿನ ದೌರ್ಜನ್ಯವನ್ನು ಕಾನೂನು ಸಾಮಾನ್ಯ ಅಪರಾಧಕ್ಕಿಂತ ಹೆಚ್ಚು ಗಂಭೀರವಾಗಿ ಕಾಣುತ್ತದೆ. ಶಿಕ್ಷಣ ಅಥವಾ ಧಾರ್ಮಿಕ ಸಂಸ್ಥೆಯ ಆಡಳಿತದವರು, ಸಿಬ್ಬಂದಿ, ಮಗು ನಂಬಿದ ಸ್ಥಾನದಲ್ಲಿರುವವರು ಅಪರಾಧ ಮಾಡಿದರೆ ಪೋಕ್ಸೊ 5 ಮತ್ತು 9ನೇ ಕಲಂಗಳು ಅನ್ವಯಿಸುತ್ತವೆ. 2019ರ ತಿದ್ದುಪಡಿಯ ನಂತರ ಲೈಂಗಿಕ ಪ್ರವೇಶವಿರುವ ಇಂಥ ಅಪರಾಧಕ್ಕೆ ಕನಿಷ್ಠ 20 ವರ್ಷ, ಸ್ಪರ್ಶದ ಅಪರಾಧಕ್ಕೆ 5ರಿಂದ 7 ವರ್ಷ ಶಿಕ್ಷೆಯಿದೆ. ಅವಸರದಲ್ಲಿ 3 ಮತ್ತು 7ನೇ ಕಲಂಗಳನ್ನಷ್ಟೇ ಹಾಕಿದ್ದರೆ ಸೇರಿಸುವಂತೆ ವಕೀಲರು ಬರೆದುಕೊಡಬೇಕು. ಈ ಕಾಯ್ದೆ ಹುಡುಗರಿಗೂ ಅಷ್ಟೇ ಅನ್ವಯ. "ಗಂಡುಹುಡುಗಗ ಏನಾಗ್ತೈತಿ" ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ.

ಬಡಿಗೆ ಏಟು, ಉಪವಾಸ ಕೆಡಹುವುದು, ಕೋಣೆಯಲ್ಲಿ ಕೂಡಿಹಾಕುವುದು ಇಂಥ ಕ್ರೌರ್ಯಕ್ಕೆ 2015ರ ಬಾಲ ನ್ಯಾಯ ಕಾಯ್ದೆಯ 75ನೇ ಕಲಂ ಇದೆ. ಸಂಸ್ಥೆಯ ನೌಕರರು ಅಥವಾ ಆಡಳಿತದವರು ತಪ್ಪಿತಸ್ಥರಾದರೆ 5 ವರ್ಷದವರೆಗೆ ಕಠಿಣ ಶಿಕ್ಷೆ, 5 ಲಕ್ಷ ರೂಪಾಯಿವರೆಗೆ ದಂಡ. ಮಗು ಪರಿಶಿಷ್ಟ ಜಾತಿ ಅಥವಾ ಪಂಗಡದ್ದಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆಯನ್ನೂ ಸೇರಿಸಬೇಕೇ ಎಂದು ಕೇಳಿ. ಲಂಬಾಣಿ ಸಮುದಾಯದವರಿಗೂ ಇದು ಅನ್ವಯ. ಅದರ 15ಎ ಕಲಂ ಜಾಮೀನು ವಿಚಾರಣೆಯ ನೋಟಿಸ್ ಪಡೆಯುವ ಹಕ್ಕು ಕೊಡುತ್ತದೆ, ಸಮಾಜ ಕಲ್ಯಾಣ ಇಲಾಖೆಯಿಂದ ಹಂತ ಹಂತವಾಗಿ ಪರಿಹಾರವೂ ಬರುತ್ತದೆ.

ಸುಮ್ಮನಿದ್ದವರೂ ಹೊಣೆಗಾರರು

ಹಾಸ್ಟೆಲ್ ಪ್ರಕರಣಗಳಲ್ಲಿ ಬಹುತೇಕ ಯಾರಿಗಾದರೂ ಗೊತ್ತಿರುತ್ತದೆ: ಅಡುಗೆಯವರಿಗೆ, ವಾರ್ಡನ್ನರಿಗೆ, ಮುಖ್ಯಾಧ್ಯಾಪಕರಿಗೆ, ಚಿಕಿತ್ಸೆ ಕೊಟ್ಟ ಡಾಕ್ಟರಿಗೆ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ 6 ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಾಗಿದ್ದು ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆಯಿದೆ.

ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ವಸತಿ ಶಾಲೆಯೊಂದರ ಆದಿವಾಸಿ ಬಾಲಕಿಯರ ಪ್ರಕರಣದಲ್ಲಿ, ವಿಷಯ ತಿಳಿದೂ ಪೊಲೀಸರಿಗೆ ಹೇಳಲಿಲ್ಲವೆಂದು ವೈದ್ಯರೊಬ್ಬರ ಮೇಲೆ ಹಾಕಿದ್ದ ಕೇಸನ್ನು ಹೈಕೋರ್ಟ್ ರದ್ದು ಮಾಡಿತ್ತು. 2022ರ ನವೆಂಬರ್ 2ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ ಎಂದಿತು. ನಮ್ಮಲ್ಲೇ, 2025ರ ಆಗಸ್ಟ್‌ನಲ್ಲಿ ಯಾದಗಿರಿ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ವಿದ್ಯಾರ್ಥಿನಿ ಹೆರಿಗೆಯಾದಾಗ ಪ್ರಾಂಶುಪಾಲರು, ವಾರ್ಡನ್ ಮೇಲೂ ಎಫ್‌ಐಆರ್ ಆಯಿತು.

ಗೊತ್ತಿದ್ದೂ ಸುಮ್ಮನಿದ್ದರೆಂಬುದನ್ನು ಸಾಬೀತು ಮಾಡುವುದು ಕಾಗದಗಳು. ಹಾಜರಿ ಪುಸ್ತಕ, ಹೊರಹೋಗುವ-ಒಳಬರುವ ರಿಜಿಸ್ಟರ್, ರಾತ್ರಿ ಪಾಳಿಯ ಪಟ್ಟಿ, ದೂರು ಪೆಟ್ಟಿಗೆಯ ದಾಖಲೆ, ಸಿಸಿ ಕ್ಯಾಮೆರಾ ದೃಶ್ಯ ಇವನ್ನು ಕೂಡಲೇ ವಶಪಡಿಸಿಕೊಳ್ಳುವಂತೆ ತನಿಖಾಧಿಕಾರಿಗೆ ವಕೀಲರಿಂದ ಲಿಖಿತ ಮನವಿ ಕೊಡಿಸಿ. ಕ್ಯಾಮೆರಾ ದೃಶ್ಯಗಳು ಕೆಲವು ದಿನ ಅಥವಾ ವಾರಗಳಲ್ಲಿ ತಾವಾಗಿಯೇ ಅಳಿಸಿಹೋಗುತ್ತವೆ. ಸರ್ಕಾರಿ ಹಾಸ್ಟೆಲ್ ಆಗಿದ್ದರೆ ಹಿಂದಿನ ತಪಾಸಣಾ ವರದಿಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಅನಾಥ ಮಕ್ಕಳ ಧಾಮವಾಗಿದ್ದರೆ ಅದರ ನೋಂದಣಿ ಇದೆಯೇ ನೋಡಿ. ನೋಂದಣಿಯಿಲ್ಲದೆ ನಡೆಸುವುದೇ ಅಪರಾಧ. ಜೊತೆಗೆ ಸಂಬಂಧಪಟ್ಟ ಇಲಾಖೆಗೂ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಪ್ರತ್ಯೇಕ ದೂರು ಹೋಗಲಿ.

ವಯಸ್ಸಿನ ದಾಖಲೆಯನ್ನೂ ಮೊದಲೇ ತೆಗೆದಿಡಿ. ನಮ್ಮ ಊರುಗಳಲ್ಲಿ ಮಾಸ್ತರರು ಎಷ್ಟೋ ಮಕ್ಕಳಿಗೆ ಜೂನ್ 1 ಎಂದೇ ಜನ್ಮದಿನ ಬರೆದಿದ್ದಾರೆ. ಎದುರಾಳಿ ವಕೀಲರು ಮೊದಲು ಕೈಹಾಕುವುದೇ ಇದಕ್ಕೆ. ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಕಾನೂನು ಮೊದಲ ಸ್ಥಾನ ಕೊಡುತ್ತದೆ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರಷ್ಟೇ ಎಲುಬಿನ ಪರೀಕ್ಷೆ.

ರಾಜಿ ಪಂಚಾಯ್ತಿಗೆ ಕೂಡಬೇಡಿ

ದೂರು ಕೊಟ್ಟ ವಾರದೊಳಗೆ ಹಿರಿಯರು ಮನೆಗೆ ಬರುತ್ತಾರೆ. "ಮಂದಿ ಏನಂದಾರು, ನಾಳೆ ಹುಡುಗಿ ಲಗ್ನ ಆಗಬೇಕಲ್ಲ, ಸಂಸ್ಥೆದ್ದೂ ಮರ್ಯಾದಿ ಹೋಗ್ತೈತಿ" ಎನ್ನುತ್ತಾರೆ. ಒಂದಿಷ್ಟು ಹಣ, ಒಂದು ಬಾಂಡ್ ಪೇಪರ್, ಎರಡು ಸಹಿ ಕೇಳುತ್ತಾರೆ. ಕಾನೂನಿನ ಕಣ್ಣಲ್ಲಿ ಆ ಕಾಗದಕ್ಕೆ ಬೆಲೆಯಿಲ್ಲ. ರಾಜಸ್ಥಾನದಲ್ಲಿ ಶಿಕ್ಷಕನೊಬ್ಬನ ಮೇಲಿನ ಪೋಕ್ಸೊ ಪ್ರಕರಣವನ್ನು ಪೋಷಕರ ಜೊತೆಗಿನ ರಾಜಿಯ ಆಧಾರದ ಮೇಲೆ ಹೈಕೋರ್ಟ್ ರದ್ದುಪಡಿಸಿತ್ತು. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನೇ ರದ್ದುಮಾಡಿ, ಇದು ಇಬ್ಬರ ನಡುವಿನ ಖಾಸಗಿ ಜಗಳವಲ್ಲ ಎಂದಿತು. ಯಾರಾದರೂ ಕಾಗದ ತಂದರೆ ಸಹಿ ಹಾಕದೆ "ನಮ್ಮ ವಕೀಲರ ಕೂಡ ಮಾತಾಡ್ರಿ" ಎಂದು ಹೇಳಿ ಕಳಿಸಿ. ಬೆದರಿಕೆ ಬಂದರೆ 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ವಕೀಲರಿಂದ ಅರ್ಜಿ ಹಾಕಿಸಿ.

ಜಾಮೀನಿನ ದಿನ ಖಾಲಿ ಬಿಡಬೇಡಿ

ಲೈಂಗಿಕ ಅಪರಾಧಗಳ ತನಿಖೆ 2 ತಿಂಗಳಲ್ಲಿ ಮುಗಿಯಬೇಕು. ತನಿಖೆಯ ಪ್ರಗತಿಯನ್ನು 90 ದಿನದೊಳಗೆ ನಿಮಗೆ ತಿಳಿಸಬೇಕು. ಚಾರ್ಜ್‌ಶೀಟ್ ನಿಗದಿತ ದಿನಗಳಲ್ಲಿ ಬರದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿಯೇ ಸಿಗುತ್ತದೆ, ಆದ್ದರಿಂದ ವಕೀಲರು ದಿನ ಎಣಿಸುತ್ತಿರಬೇಕು. ಹದಿನಾರರ ಒಳಗಿನ ಮಗುವಿನ ಅತ್ಯಾಚಾರ ಪ್ರಕರಣದ ಜಾಮೀನು ವಿಚಾರಣೆಯಲ್ಲಿ ದೂರುದಾರರು ಅಥವಾ ಅವರ ಪರ ಒಬ್ಬರು ಹಾಜರಿರುವುದು ಕಡ್ಡಾಯ.

ಇದರ ಮಹತ್ವ ಮುರುಘಾ ಮಠದ ಪ್ರಕರಣದಲ್ಲಿ ಕಂಡಿತು. ಆರೋಪವನ್ನು ಅಲ್ಲಗಳೆಯುತ್ತಲೇ ಬಂದ ಮಠದ ಪೀಠಾಧಿಪತಿ ಶಿವಮೂರ್ತಿ ಮುರುಘಾ ಶರಣರಿಗೆ 2023ರ ನವೆಂಬರ್‌ನಲ್ಲಿ ಹೈಕೋರ್ಟ್ ಜಾಮೀನು ಕೊಟ್ಟಿತ್ತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಮುಖ್ಯ ಸಾಕ್ಷಿಗಳ ವಿಚಾರಣೆ ಮುಗಿಯಲೆಂದು ಅವರು ನಾಲ್ಕು ತಿಂಗಳು ಮತ್ತೆ ಬಂಧನದಲ್ಲಿರಬೇಕೆಂದಿತು. ಸಾಕ್ಷಿ ಹೇಳುವ ಮಕ್ಕಳ ಮೇಲೆ ಪ್ರಭಾವ ಬೀಳಬಾರದೆಂಬ ವಾದಕ್ಕೆ ಅಷ್ಟು ತೂಕವಿದೆ. ಮುಂದೆ 2025ರ ನವೆಂಬರ್‌ನಲ್ಲಿ ಚಿತ್ರದುರ್ಗದ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು. ಆರೋಪ ಎಷ್ಟೇ ದೊಡ್ಡದಾದರೂ ಕೋರ್ಟ್ ನೋಡುವುದು ಮುಂದಿಟ್ಟ ಸಾಕ್ಷ್ಯವನ್ನು. ಖುಲಾಸೆಯಾದ ಯಾವುದೇ ಪ್ರಕರಣದಲ್ಲಿ ಮೇಲ್ಮನವಿ ಸಲ್ಲಿಸುವ ಹಕ್ಕು ನೊಂದವರಿಗೂ ಇದೆ. ನಮ್ಮ ಜಿಲ್ಲೆಯವರಿಗೆ ಅದು ಧಾರವಾಡದ ಹೈಕೋರ್ಟ್ ಪೀಠದಲ್ಲೇ ಆಗುತ್ತದೆ, ಬೆಂಗಳೂರಿಗೆ ಹೋಗಬೇಕಿಲ್ಲ.

ಸಾಕ್ಷಿ ಹೇಳುವ ದಿನ

ಪೋಕ್ಸೊ ನ್ಯಾಯಾಲಯ ಸಿನಿಮಾದ ಕೋರ್ಟಿನಂತಲ್ಲ. ವಿಚಾರಣೆ ಬಾಗಿಲು ಮುಚ್ಚಿ ನಡೆಯುತ್ತದೆ. ಮಗು ಆರೋಪಿಯ ಮುಖ ನೋಡದಂತೆ ಪರದೆ ಅಥವಾ ವಿಡಿಯೊ ವ್ಯವಸ್ಥೆ ಇರಬೇಕು. ಎದುರಾಳಿ ವಕೀಲರು ನೇರವಾಗಿ ಪ್ರಶ್ನೆ ಕೇಳುವಂತಿಲ್ಲ. ನ್ಯಾಯಾಧೀಶರಿಗೆ ಕೊಡಬೇಕು, ಅವರು ಮಗುವನ್ನು ಕೇಳುತ್ತಾರೆ. ಗದರಿಸುವುದು, ನಡತೆ ಕೆದಕುವುದು ನಿಷಿದ್ಧ. ಮಗುವಿಗೆ ದಣಿವಾದರೆ ಬಿಡುವು ಕೇಳಬಹುದು, ಪದೇ ಪದೇ ಕರೆಸುವಂತಿಲ್ಲ. ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಂಡ 30 ದಿನದಲ್ಲಿ ಮಗುವಿನ ಸಾಕ್ಷ್ಯ, 1 ವರ್ಷದಲ್ಲಿ ತೀರ್ಪು ಎಂಬುದು ಕಾನೂನಿನ ಗುರಿ. ವಾಸ್ತವದಲ್ಲಿ ತಡವಾಗುತ್ತದೆ. ತಡವಾದಷ್ಟೂ ಮಗು ಬೆಳೆದು ನೆನಪು ಮಸುಕಾಗುತ್ತದೆ. ವಾಯಿದೆ ಕೇಳಿದಾಗೆಲ್ಲ ವಕೀಲರು ಎದ್ದು ತಕರಾರು ಮಾಡಬೇಕು.

ಈ ಓಡಾಟದಲ್ಲಿ ಜೊತೆಗಿರಲು ಮಕ್ಕಳ ಕಲ್ಯಾಣ ಸಮಿತಿ ಒಬ್ಬ ಸಹಾಯಕ ವ್ಯಕ್ತಿಯನ್ನು ನೇಮಿಸುತ್ತದೆ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಈ ವ್ಯವಸ್ಥೆಯನ್ನು ಗಟ್ಟಿಗೊಳಿಸಿ, ಕುಟುಂಬಕ್ಕೆ ಇದರ ಮಾಹಿತಿ ಕೊಡಲೇಬೇಕೆಂದಿದೆ. ಯಾರೂ ಹೇಳದಿದ್ದರೆ ನೀವೇ ಕೇಳಿ. ಮಗು ನಿದ್ದೆಗೆಟ್ಟಿದ್ದರೆ, ಮಾತು ಬಿಟ್ಟಿದ್ದರೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಹತ್ತಿರದಲ್ಲೇ ಇದೆ. ಅಲ್ಲಿಗೆ ಕರೆದೊಯ್ದರೆ 'ಹುಚ್ಚು' ಎಂದಲ್ಲ, ಆ ಚಿಕಿತ್ಸೆಯ ದಾಖಲೆ ಪರಿಹಾರದ ಅರ್ಜಿಗೂ ಬೇಕಾಗುತ್ತದೆ. ಶಕ್ತಿ ಯೋಜನೆಯಿಂದಾಗಿ ತಾಯಿ, ಮಗಳಿಗೆ ಸಾಮಾನ್ಯ ಬಸ್ಸಿನ ಖರ್ಚಿಲ್ಲ. ಕೂಲಿ ತಪ್ಪಿದ್ದಕ್ಕೆ ಸಾಕ್ಷಿ ಭತ್ಯೆಯನ್ನು ಕೋರ್ಟಿನಲ್ಲಿ ಕೇಳಿ ಪಡೆಯಿರಿ.

ಪರಿಹಾರ: ತೀರ್ಪಿನವರೆಗೆ ಕಾಯಬೇಕಿಲ್ಲ

2020ರ ಪೋಕ್ಸೊ ನಿಯಮಗಳಲ್ಲಿ ಮೂರು ದಾರಿಗಳಿವೆ. ಊಟ, ಬಟ್ಟೆ, ಓಡಾಟದ ತುರ್ತಿಗೆ ಮಕ್ಕಳ ಕಲ್ಯಾಣ ಸಮಿತಿ ವಿಶೇಷ ನೆರವು ಶಿಫಾರಸು ಮಾಡಬಹುದು; ಹಣ ಒಂದು ವಾರದೊಳಗೆ ಬರಬೇಕು. ಎಫ್‌ಐಆರ್ ಆದ ನಂತರ ಯಾವ ಹಂತದಲ್ಲಾದರೂ ನ್ಯಾಯಾಲಯ ಮಧ್ಯಂತರ ಪರಿಹಾರ ಕೊಡಬಹುದು. ಕೊನೆಗೆ ಅಂತಿಮ ಪರಿಹಾರ. ಆದೇಶ ಸಿಕ್ಕ 30 ದಿನದೊಳಗೆ ಸರ್ಕಾರ ಅದನ್ನು ಪಾವತಿಸಬೇಕು. ಆರೋಪಿ ಬಿಡುಗಡೆಯಾದರೂ, ಪತ್ತೆಯಾಗದಿದ್ದರೂ, ಮಗುವಿಗೆ ಹಾನಿಯಾಗಿದೆಯೆಂದು ನ್ಯಾಯಾಲಯಕ್ಕೆ ಕಂಡರೆ ಪರಿಹಾರ ಸಿಗುತ್ತದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ ರೂಪಾಯಿ ಇದೆ, ನೊಂದವರು ಅಪ್ರಾಪ್ತರಾದರೆ ಮಿತಿ ಶೇ 50ರಷ್ಟು ಹೆಚ್ಚು. ಇದು ತಾನಾಗಿ ಮನೆಗೆ ಬರುವ ಹಣವಲ್ಲ, ವಕೀಲರು ಅರ್ಜಿ ಹಾಕಬೇಕು.

ಹಣದಷ್ಟೇ ಮುಖ್ಯ ಓದು. ಟಿ.ಸಿ. ತಡೆಹಿಡಿಯದಂತೆ, ಬೇರೆ ಹಾಸ್ಟೆಲ್‌ನಲ್ಲಿ ಸೀಟು ಕೊಡುವಂತೆ ಇಲಾಖೆಗೆ ಮಕ್ಕಳ ಕಲ್ಯಾಣ ಸಮಿತಿಯಿಂದ ಬರೆಸಿ. ಮಗು ಮನೆಯಲ್ಲೇ ಕೂತು ಬೇಗ ಲಗ್ನವಾಗಿ ಹೋದರೆ ಗೆದ್ದ ಕೇಸೂ ಸೋತ ಹಾಗೆ.

ವರ್ಷಗಳ ನಂತರ ಹೇಳಬೇಕೆನಿಸಿದರೆ

ಆಸ್ಟ್ರೇಲಿಯಾದ ರಾಯಲ್ ಕಮಿಷನ್ 2013ರಿಂದ 2017ರವರೆಗೆ ಸಂಸ್ಥೆಗಳಲ್ಲಿ ನೊಂದ ಸುಮಾರು ಎಂಟು ಸಾವಿರ ಜನರ ಮಾತು ಕೇಳಿತು. ಅವರು ಬಾಯಿಬಿಡಲು ತೆಗೆದುಕೊಂಡ ಸಮಯ ಸರಾಸರಿ 23.9 ವರ್ಷ. ಅಮೆರಿಕದ ಬಾಸ್ಟನ್‌ನಲ್ಲಿ ವಕೀಲ ಮಿಚೆಲ್ ಗರಬೇಡಿಯನ್ ಒಬ್ಬ ಪಾದ್ರಿಯಿಂದ ನೊಂದ 86 ಜನರಿಗೆ 2002ರಲ್ಲಿ 1 ಕೋಟಿ ಡಾಲರ್ ಪರಿಹಾರ ಕೊಡಿಸಿದಾಗ ಅವರಲ್ಲಿ ಅನೇಕರು ನಡುವಯಸ್ಸಿನವರು. ಅಲ್ಲಿ ವಕೀಲರ ಮುಖ್ಯ ಆಯುಧ ಸಂಸ್ಥೆಯ ಮೇಲಿನ ಸಿವಿಲ್ ದಾವೆ. ನಮ್ಮಲ್ಲಿ ಕ್ರಿಮಿನಲ್ ಪ್ರಕರಣವೇ ಹೆದ್ದಾರಿ.

ನಮ್ಮ ಕಾನೂನಿನಲ್ಲೂ ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆಯಿರುವ ಅಪರಾಧಕ್ಕೆ ಕಾಲಮಿತಿಯಿಲ್ಲ. ಘಟನೆ 2012ರ ನವೆಂಬರ್ 14ರ ನಂತರದ್ದಾದರೆ ಪೋಕ್ಸೊ, ಅದಕ್ಕೂ ಹಿಂದಿನದಾದರೆ ಹಳೆಯ ಭಾರತೀಯ ದಂಡ ಸಂಹಿತೆ ಅನ್ವಯಿಸುತ್ತದೆ. ಇಂದು ಮೂವತ್ತರ ಗಡಿಯಲ್ಲಿರುವ ಹಳೆಯ ವಿದ್ಯಾರ್ಥಿಯೂ ದೂರು ಕೊಡಬಹುದು. ಹಳೆಯ ಪ್ರಕರಣಕ್ಕೆ ವೈದ್ಯಕೀಯ ಸಾಕ್ಷ್ಯ ಸಿಗದು. ಅದೇ ನಿಲಯದಲ್ಲಿದ್ದ ಇತರರ ಹೇಳಿಕೆ, ಆಗ ಬರೆದ ಪತ್ರ, ಶಾಲೆ ಬಿಟ್ಟ ದಾಖಲೆ ಆಧಾರವಾಗುತ್ತವೆ. ದೂರು ಕೊಡುವ ಮೊದಲೇ ವಕೀಲರನ್ನು ಕಾಣಿ.

ವಕೀಲರನ್ನು ಮೊದಲ ಭೇಟಿಯಲ್ಲೇ ಕೇಳಿ

- ಪೋಕ್ಸೊ ಪ್ರಕರಣಗಳನ್ನು ಮೊದಲು ನಡೆಸಿದ್ದೀರಾ? ನೊಂದವರ ಪರವೋ, ಆರೋಪಿಗಳ ಪರವೋ?
- ಈ ಸಂಸ್ಥೆಗೂ ನಿಮಗೂ ಏನಾದರೂ ವ್ಯವಹಾರವಿದೆಯೇ?
- ಎಫ್‌ಐಆರ್‌ನಲ್ಲಿ 5 ಅಥವಾ 9ನೇ ಕಲಂ ಇದೆಯೇ? ವಿಷಯ ಮುಚ್ಚಿಟ್ಟವರ ಮೇಲೆ 21ನೇ ಕಲಂ ಹಾಕಿದ್ದಾರೆಯೇ?
- ಕ್ಯಾಮೆರಾ ದೃಶ್ಯ, ರಿಜಿಸ್ಟರ್‌ಗಳಿಗಾಗಿ ಮನವಿ ಯಾವಾಗ ಕೊಡುತ್ತೀರಿ?
- ಮಧ್ಯಂತರ ಪರಿಹಾರದ ಅರ್ಜಿ ಯಾವಾಗ?
- ಜಾಮೀನಿನ ದಿನ ನೀವೇ ಬರುತ್ತೀರಾ, ಜೂನಿಯರ್ ಬರುತ್ತಾರಾ?
- ಮುಂದಿನ ವಾಯಿದೆ ತಾರೀಖು ನಮಗೆ ಯಾರು ತಿಳಿಸುತ್ತಾರೆ?

ಕಾನೂನು ಸೇವಾ ಪ್ರಾಧಿಕಾರ ನೇಮಿಸಿದ ವಕೀಲರು ನಿಮ್ಮಿಂದ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ಕೇಳಿದರೆ, ಅಥವಾ ಕೋರ್ಟಿಗೆ ಬರದಿದ್ದರೆ, ಬೇರೆಯವರನ್ನು ಕೊಡಿ ಎಂದು ಪ್ರಾಧಿಕಾರದ ಕಾರ್ಯದರ್ಶಿಗೆ ಬರೆದುಕೊಡಬಹುದು.

ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಈ ವರ್ಷದ ಸಭೆಯಲ್ಲಿ ನಿಮ್ಮೂರಿನ ಹಾಸ್ಟೆಲ್‌ನ ದೂರು ಪೆಟ್ಟಿಗೆಯನ್ನು ಕೊನೆಯ ಸಲ ಯಾವಾಗ ತೆರೆದರು, ಯಾರೆದುರಿಗೆ ತೆರೆದರು ಎಂದು ಕೇಳಿ. 1098 ಮತ್ತು 15100 ಈ ಎರಡು ಸಂಖ್ಯೆಗಳನ್ನು ಹಾಸ್ಟೆಲ್‌ನ ಊಟದ ಕೋಣೆಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಿ, ನಿಮ್ಮ ಮಗುವಿಗೆ ಬಾಯಿಪಾಠ ಮಾಡಿಸಿ.